ಮೆತ್ತಿನ ಕೋಣೆಗೊಂದು ತಂತಿ

ಪ್ರಶ್ನೆ: ಸಾಗರದ ಹತ್ತಿರದ ಹಳ್ಳಿ ನಮ್ಮದು. ನಾನು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತೇನೆ, ಯಜಮಾನರಿಗೆ ಅಡಿಕೆ ತೋಟ. ಮಗಳು ಬೆಂಗಳೂರಿನ ಕಂಪನಿಯ ಕೆಲಸವನ್ನು ಮನೆಯಿಂದಲೇ ಮಾಡುತ್ತಾಳೆ. ಮಗ ಡಿಪ್ಲೊಮಾ ಎರಡನೇ ವರ್ಷ. ಕಾಲೇಜಿನಿಂದ ಬಂದವನು ಊಟದವರೆಗೂ, ಊಟವಾದ ಮೇಲೂ ಕಂಪ್ಯೂಟರಿನಲ್ಲಿ ವ್ಯಾಲೊರಂಟ್ ಎಂಬ ಆಟ ಆಡುತ್ತಾನೆ. ಕಳೆದ ವರ್ಷ 50 ಎಂಬಿಪಿಎಸ್‌ನ ಫೈಬರ್ ಹಾಕಿಸಿದೆವು. ಲೈನ್‌ಮನ್ ಜಗಲಿಯಲ್ಲಿ, ಟಿವಿಯ ಮೇಲೆ ಪೆಟ್ಟಿಗೆ ಹೊಡೆದು ಹೋದ. ಮಗನ ಕೋಣೆ ಹಿಂಭಾಗದ ಮೆತ್ತಿನಲ್ಲಿ.

ದಿನಾ ಸಂಜೆ ಜಗಳ. "ಲ್ಯಾಗ್, ಲ್ಯಾಗ್! ಅಕ್ಕನ ಮೀಟಿಂಗಿಂದ ನಾನು ಸತ್ತೆ" ಅಂತ ಮೇಲಿನಿಂದ. "ಇವನ ಗೇಮಿಂದ ನನ್ನ ಕಾಲ್ ಕಟ್ಟಾಗ್ತಿದೆ" ಅಂತ ಕೆಳಗಿನಿಂದ. ಹತ್ತು ಗಂಟೆಗೆ ಯಜಮಾನರು ಯಾರನ್ನೂ ಕೇಳದೆ ಪೆಟ್ಟಿಗೆಯ ಸ್ವಿಚ್ ಆರಿಸುತ್ತಾರೆ, ಆಮೇಲೆ ಮನೆಯಲ್ಲಿ ಮಾತೇ ಇರುವುದಿಲ್ಲ. 200 ಎಂಬಿಪಿಎಸ್ ಪ್ಲಾನ್ ಹಾಕಿಸಿದರೆ ಎಲ್ಲ ಸರಿಹೋಗುತ್ತದೆ ಅನ್ನುತ್ತಾನೆ ಮಗ. ಜೊತೆಗೆ ಸ್ಟ್ಯಾಟಿಕ್ ಐಪಿ ಅಂತ ಇನ್ನೇನೋ ಬೇಕಂತೆ, ಅದಕ್ಕೆ ಬೇರೆ ದುಡ್ಡು. ಒಂದು ದಿನ ಅಟ್ಟದಲ್ಲಿದ್ದ ಹಳೆಯ ರೌಟರ್ ತಂದು ಮೇಲೆ ಜೋಡಿಸಿದ. ಮನೆಯ ನೆಟ್ಟೇ ಹೋಯಿತು, ಅಪ್ಪನಿಂದ ಬೈಸಿಕೊಂಡ. ಈಗ ಅಂಗಳದಾಚೆಯ ಭಾವನವರು, "ಒಂದೇ ಕನೆಕ್ಷನ್ ಇಟ್ಟುಕೊಂಡು ಬಿಲ್ ಅರ್ಧರ್ಧ ಮಾಡೋಣ, ಕೇಬಲ್ ಎಳೆದರಾಯಿತು, ಹುಡುಗರಿಬ್ಬರೂ ಒಟ್ಟಿಗೆ ಆಡಿಕೊಳ್ಳಲಿ" ಎನ್ನುತ್ತಿದ್ದಾರೆ. ಇದರಲ್ಲಿ ಯಾವುದು ಸರಿ, ಯಾವುದಕ್ಕೆ ದುಡ್ಡು ಹಾಕಬೇಕು? ನನಗೆ ಸಂಜೆ ಹೊತ್ತು ಮನೆ ಸದ್ದಿಲ್ಲದೆ ಇದ್ದರೆ ಸಾಕು.

– ಹೆಸರು ಬೇಡ, ಸಾಗರ ತಾಲ್ಲೂಕು

ಉತ್ತರ: ಸದ್ಯಕ್ಕೆ ಪ್ಲಾನ್ ಮುಟ್ಟಬೇಡಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗಾಗುತ್ತದೆ.

ನಿಮ್ಮ ಮಗ ಆಡುವಂಥ ಆಟ, ಆಡುತ್ತಿರುವಾಗ ತರಿಸಿಕೊಳ್ಳುವ ಮಾಹಿತಿ ಬಹಳ ಕಡಿಮೆ. ಸೆಕೆಂಡಿಗೆ ಒಂದು ಮೆಗಾಬಿಟ್‌ನ ಆಸುಪಾಸು ಇದ್ದರೆ ಅದಕ್ಕೆ ಧಾರಾಳ. ಮಗಳ ವಿಡಿಯೊ ಮೀಟಿಂಗ್‌ಗೆ ಮೂರು ನಾಲ್ಕು, ಜಗಲಿಯಲ್ಲಿ ಯಾರಾದರೂ ಟಿವಿಯಲ್ಲಿ ಯೂಟ್ಯೂಬ್ ಹಾಕಿಕೊಂಡರೆ ಇನ್ನೊಂದು ಐದಾರು. ಎಲ್ಲ ಕೂಡಿಸಿದರೂ 50ರಲ್ಲಿ ಅರ್ಧ ಖರ್ಚಾಗುವುದಿಲ್ಲ. ಹಾಗಾದರೆ ಹುಡುಗ ಸುಳ್ಳು ಹೇಳುತ್ತಿದ್ದಾನೆಯೇ? ಇಲ್ಲ. ಅವನಿಗೆ ಆಗುತ್ತಿರುವ ತೊಂದರೆ ನಿಜ, ಅದಕ್ಕೆ ಅವನು ಕಂಡುಕೊಂಡಿರುವ ಕಾರಣ ಮಾತ್ರ ತಪ್ಪು. ಅವನಿಗೆ ಬೇಕಾಗಿರುವುದು ಹೆಚ್ಚು ಮಾಹಿತಿಯಲ್ಲ, ಇರುವಷ್ಟು ಮಾಹಿತಿ ಹೊತ್ತಿಗೆ ಸರಿಯಾಗಿ ತಲುಪುವುದು.

ಹುಡುಗರು ಪಿಂಗ್ ಎನ್ನುವುದು ಇದನ್ನೇ. ಗುಂಡಿ ಒತ್ತಿದ ಸುದ್ದಿ ಆಟದ ಸರ್ವರಿಗೆ ಹೋಗಿ ಉತ್ತರ ವಾಪಸು ಬರಲು ಹಿಡಿಯುವ ಸಮಯ, ಮಿಲಿಸೆಕೆಂಡಿನ ಲೆಕ್ಕದಲ್ಲಿ. ವ್ಯಾಲೊರಂಟ್‌ಗೆ ಮುಂಬೈಯಲ್ಲಿ ಸರ್ವರ್ ಇದೆ. ಫೈಬರಿನ ಗಾಜಿನೊಳಗೆ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್ ಓಡುತ್ತದೆ. ನಿಮ್ಮೂರಿನ ಲೈನು ಬೆಂಗಳೂರಿಗೆ ಸುತ್ತಿಕೊಂಡು ಮುಂಬೈಗೆ ಹೋಗುತ್ತದೆಂದು ಹಿಡಿದು ಒಂದು ಕಡೆಗೆ ಒಂದೂವರೆ ಸಾವಿರ ಕಿಲೋಮೀಟರ್ ಇಟ್ಟುಕೊಂಡರೂ ಹೋಗಿಬರಲು 15 ಮಿಲಿಸೆಕೆಂಡು ಸಾಕು. ದಾರಿಯ ಯಂತ್ರಗಳೆಲ್ಲ ತಮ್ಮ ಪಾಲಿನ ಹೊತ್ತು ತಿಂದುಕೊಂಡು ಅದು 30, 40 ಆಗಬಹುದು. ಅಷ್ಟರಲ್ಲಿ ಆಟ ಚೆನ್ನಾಗಿಯೇ ನಡೆಯುತ್ತದೆ. 200ರ ಪ್ಲಾನ್ ಹಾಕಿಸಿದರೂ ಬೆಳಕು ಇದಕ್ಕಿಂತ ಬೇಗ ಓಡುವುದಿಲ್ಲ. ಅಂದಹಾಗೆ, ಆಟದ ಸೆಟ್ಟಿಂಗ್‌ನಲ್ಲಿ ಸರ್ವರ್ ಮುಂಬೈ ಎಂದೇ ಇದೆಯೋ, ಯಾವಾಗಲೋ ಸ್ನೇಹಿತರ ಜೊತೆ ಆಡಲು ಸಿಂಗಪುರಕ್ಕೆ ಬದಲಿಸಿ ಹಾಗೇ ಬಿಟ್ಟಿದ್ದಾನೋ, ಒಮ್ಮೆ ನೋಡಲು ಹೇಳಿ. ಅಲ್ಲಿ ಸಿಂಗಪುರವಿದ್ದರೆ ಸಮುದ್ರದಡಿಯ ಕೇಬಲಿನ ಉದ್ದವೇ ಅವನ ಶತ್ರು, ಅಕ್ಕನಲ್ಲ.

ತೊಂದರೆ ಮನೆಯೊಳಗೇ ಇದೆಯೇ, ಮನೆಯ ಹೊರಗೆ ಇದೆಯೇ ಎಂದು ಹತ್ತು ನಿಮಿಷದಲ್ಲಿ ತಿಳಿಯಬಹುದು. ಇದನ್ನು ಮಗನೇ ಮಾಡಲಿ, ನೀವು ಮತ್ತು ಮಗಳು ಪಕ್ಕದಲ್ಲಿ ನಿಂತು ನೋಡಿ. ಸಂಜೆ ಜಗಳದ ಹೊತ್ತಿಗೇ ಮಾಡಬೇಕು, ಬೆಳಗಿನ ಹೊತ್ತು ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಕಂಪ್ಯೂಟರಿನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ಪಿಂಗ್ ಆಜ್ಞೆಯ ಮುಂದೆ ರೌಟರಿನ ವಿಳಾಸ ಕೊಡುವುದು. ಸಾಮಾನ್ಯವಾಗಿ ಅದು 192.168.1.1, ಇಲ್ಲವಾದರೆ ಪೆಟ್ಟಿಗೆಯ ಅಡಿಯ ಚೀಟಿಯಲ್ಲಿ ಬರೆದಿರುತ್ತದೆ. ನಿಲ್ಲದೆ ಓಡಿಸುವುದು ಹೇಗೆಂದು ಅವನಿಗೆ ಗೊತ್ತಿರುತ್ತದೆ. ಪರದೆಯ ಮೇಲೆ ಸೆಕೆಂಡಿಗೊಂದು ಸಾಲು ಇಳಿಯತೊಡಗುತ್ತದೆ, ಪ್ರತಿ ಸಾಲಿನಲ್ಲೂ ಒಂದು ಸಮಯ. ಇದು ಮೆತ್ತಿನಿಂದ ಜಗಲಿಗೆ ಹೋಗಿಬರುವ ಹೊತ್ತು ಮಾತ್ರ, ಇಂಟರ್ನೆಟ್ ಇನ್ನೂ ಶುರುವಾಗಿಲ್ಲ. ಮೂರು, ನಾಲ್ಕು, ಎರಡು, ಐದು ಎಂದು ಬರುತ್ತಿದ್ದರೆ ವೈಫೈ ಚೆನ್ನಾಗಿದೆ. ನಾಲ್ಕು, ಆರು, ನೂರೈವತ್ತು, ಎಂಟು, ಮುನ್ನೂರು, ನಡುವೆ ಒಂದೆರಡು ಸಾಲು ಉತ್ತರವೇ ಇಲ್ಲ ಎಂದು ಬಂದರೆ, ಕಂಪನಿಯವರಿಗೆ ನೀವು ಎಷ್ಟು ದುಡ್ಡು ಕಟ್ಟಿದರೂ ಉಪಯೋಗವಿಲ್ಲ. ಸುದ್ದಿ ನಿಮ್ಮ ಮನೆಯ ಮೆಟ್ಟಿಲಲ್ಲೇ ಎಡವುತ್ತಿದೆ.

ನನ್ನ ಊಹೆ, ನಿಮ್ಮಲ್ಲಿ ಹೀಗೇ ಬರುತ್ತದೆ. ನಿಮ್ಮದು ಹಳೆಯ ಮನೆ ಎಂದು ಪತ್ರದ ಧಾಟಿಯಿಂದ ಗೊತ್ತಾಗುತ್ತದೆ. ಕೆಂಪುಕಲ್ಲಿನ ದಪ್ಪ ಗೋಡೆಗಳಿರುತ್ತವೆ. ಮನೆಯ ವೈಫೈಗೆ ಸಾಮಾನ್ಯವಾಗಿ ಎರಡು ಬಗೆಯ ತರಂಗಗಳಿರುತ್ತವೆ. 5 ಗಿಗಾಹರ್ಟ್ಸ್‌ನದು ವೇಗಿ, ಆದರೆ ಅಂಥ ಒಂದು ಗೋಡೆ ದಾಟುವಷ್ಟರಲ್ಲಿ ಅದರ ಶಕ್ತಿ ಬಹುಪಾಲು ಮುಗಿದಿರುತ್ತದೆ. 2.4 ಗಿಗಾಹರ್ಟ್ಸ್‌ನದು ಹೇಗೋ ದಾಟಿಕೊಂಡು ಮೆತ್ತು ಸೇರುತ್ತದೆ, ನಿಧಾನವಾಗಿ, ಸುಸ್ತಾಗಿ. ಅಡುಗೆಮನೆಯಲ್ಲಿ ಮೈಕ್ರೊವೇವ್ ಇದ್ದರೆ ಅದೂ ಅದೇ 2.4ರ ಆಸುಪಾಸಿನಲ್ಲೇ ಕೆಲಸ ಮಾಡುವುದರಿಂದ ಅನ್ನ ಬಿಸಿಯಾಗುವವರೆಗೆ ಗದ್ದಲ. ಮಳೆಗಾಲದಲ್ಲಿ ತೇವ ಕುಡಿದ ಗೋಡೆ ಇನ್ನೂ ಹೆಚ್ಚು ತಡೆಯುತ್ತದೆ. ಬೆಂಗಳೂರಿನ ಅಪಾರ್ಟ್‌ಮೆಂಟ್ ಆಗಿದ್ದರೆ ಅಕ್ಕಪಕ್ಕದ ಇಪ್ಪತ್ತು ಮನೆಗಳ ವೈಫೈ ಬಗ್ಗೆ, 1, 6, 11 ಚಾನೆಲ್‌ಗಳ ಬಗ್ಗೆ ಒಂದು ಪುಟ ಬರೆಯುತ್ತಿದ್ದೆ. ನಿಮ್ಮಲ್ಲಿ ಆ ಗೋಳಿಲ್ಲ.

ವೈಫೈಯ ಇನ್ನೊಂದು ಸ್ವಭಾವ ತಿಳಿದರೆ ಅಕ್ಕ-ತಮ್ಮನ ಜಗಳ ಅರ್ಧ ಇಳಿಯುತ್ತದೆ. ಒಂದು ಚಾನೆಲ್‌ನಲ್ಲಿ ಒಮ್ಮೆಗೆ ಒಬ್ಬರೇ ಮಾತಾಡಬೇಕು. ಉಳಿದವರು ಸುಮ್ಮನಿದ್ದು ಕಾಯಬೇಕು. ರೌಟರಿನ ಪಕ್ಕದಲ್ಲಿರುವ ಫೋನು ತನ್ನ ಮಾತನ್ನು ಪಟ್ಟನೆ ಮುಗಿಸುತ್ತದೆ. ಎರಡು ಗೋಡೆಯಾಚೆಯ ಕಂಪ್ಯೂಟರು ಅಷ್ಟೇ ಮಾತನ್ನು ನಿಧಾನವಾಗಿ, ಮತ್ತೆ ಮತ್ತೆ ಹೇಳಬೇಕಾಗುತ್ತದೆ, ಅಷ್ಟು ಹೊತ್ತೂ ಎಲ್ಲರೂ ಕಾಯುತ್ತಾರೆ. ಹಾಗಾಗಿ ಇಬ್ಬರ ದೂರೂ ಸರಿ. ಮಗನ ಕಂಪ್ಯೂಟರು ದೂರವಿರುವುದರಿಂದ ಅಕ್ಕನ ಕಾಲ್ ಒಡೆಯುತ್ತದೆ, ಅಕ್ಕನ ಕಾಲ್ ನಡುವೆ ಬರುವುದರಿಂದ ಅವನ ಸರದಿ ತಡವಾಗುತ್ತದೆ. ಅವನ ಕಂಪ್ಯೂಟರನ್ನು ವೈಫೈಯಿಂದ ಹೊರಗೆ ತೆಗೆದರೆ ಇಬ್ಬರಿಗೂ ಲಾಭ.

ಅಂದರೆ ತಂತಿ. ಮನೆಯಲ್ಲಿ ಕೂತಲ್ಲೇ ಇರುವ ಯಂತ್ರಗಳಿಗೆ ತಂತಿ, ಕೈಯಲ್ಲಿ ಓಡಾಡುವುದಕ್ಕೆ ವೈಫೈ ಎನ್ನುವುದು ನಾನು ಯಾರಿಗಾದರೂ ಹೇಳುವ ಮಾತು. ಗೇಮಿಂಗ್ ರೌಟರ್ ಎಂದು ಎಂಟು ಕೊಂಬು, ಕೆಂಪು ದೀಪಗಳೊಂದಿಗೆ ಹದಿನೈದು ಇಪ್ಪತ್ತು ಸಾವಿರಕ್ಕೆ ಮಾರುವ ಪೆಟ್ಟಿಗೆಗಳಿವೆ. ಮಗ ಅದರ ಚಿತ್ರ ನಿಮಗೆ ಈಗಾಗಲೇ ತೋರಿಸಿರಬಹುದು. ಸಾವಿರ ರೂಪಾಯಿಯ ತಂತಿ ಮಾಡುವ ಕೆಲಸವನ್ನು ಅದು ನಿಮ್ಮ ಮನೆಯ ಗೋಡೆಗಳ ನಡುವೆ ಮಾಡಲಾರದು. ಗೋಡೆಯ ಪ್ಲಗ್ಗಿಗೆ ಸಿಕ್ಕಿಸುವ ಅಗ್ಗದ ರಿಪೀಟರ್ ಬೇಡವೇ ಬೇಡ. ಕೇಳಿದ್ದನ್ನೇ ಅದೇ ಗಾಳಿಯಲ್ಲಿ ಇನ್ನೊಮ್ಮೆ ಹೇಳುವ ಯಂತ್ರ ಅದು, ಇರುವ ವೇಗವನ್ನೂ ಅರ್ಧಕ್ಕಿಳಿಸುತ್ತದೆ.

ಕೇಬಲ್ ಕೊಳ್ಳುವಾಗ ಕ್ಯಾಟ್ 6 ಎಂದು ಕೇಳಿ, ಕ್ಯಾಟ್ 5ಇ ಸಿಕ್ಕಿದರೂ ಸಾಕು. ಎರಡೂ ನೂರು ಮೀಟರ್ ದೂರದವರೆಗೆ ಒಂದು ಗಿಗಾಬಿಟ್ ವೇಗ ಒಯ್ಯುತ್ತವೆ, ನಿಮ್ಮ ಮನೆಗೆ ಇಪ್ಪತ್ತೈದು ಮೂವತ್ತು ಮೀಟರ್ ಬೇಕಾದೀತು. ಶುದ್ಧ ತಾಮ್ರದ್ದೇ ಕೊಡಿ ಎಂದು ಒತ್ತಿ ಹೇಳಿ. ಅಲ್ಯೂಮಿನಿಯಂ ಎಳೆಗೆ ತಾಮ್ರದ ಲೇಪ ಕೊಟ್ಟ ಕೇಬಲ್ ಪೇಟೆಯಲ್ಲಿ ಧಾರಾಳವಾಗಿದೆ, ಅಗ್ಗವೂ ಹೌದು. ಬಗ್ಗಿಸಿದಲ್ಲಿ ಮುರಿಯುತ್ತದೆ, ನಮ್ಮ ಮಲೆನಾಡಿನ ತೇವಕ್ಕೆ ಬೇಗ ಕೆಡುತ್ತದೆ. ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿದರೆ ಗೊತ್ತಾಗುತ್ತದೆ: ಒಳಗೂ ಕೆಂಪಾಗಿದ್ದರೆ ತಾಮ್ರ, ಬೆಳ್ಳಗೆ ಹೊಳೆದರೆ ಅಂಗಡಿಯವನಿಗೇ ವಾಪಸು.

ತಂತಿ ಎಳೆಯುವಾಗ ಕರೆಂಟಿನ ವೈರಿನ ಜೊತೆ ಒಂದೇ ಪೈಪಿನಲ್ಲಿ ತೂರಿಸಬಾರದು, ಒಂದು ಗೇಣು ದೂರವಿರಲಿ. ಮೆತ್ತಿನಲ್ಲಿ ಇಲಿ ಇಲ್ಲದ ಮನೆ ನಿಮ್ಮ ಕಡೆ ಇಲ್ಲ, ಆದ್ದರಿಂದ ಆ ಭಾಗಕ್ಕೆ ಪಿವಿಸಿ ಪೈಪು ಹಾಕಿಸಿ. ತುದಿಗೆ ಪ್ಲಗ್ ಕೂರಿಸುವ ಕ್ರಿಂಪಿಂಗ್ ಕೆಲಸವನ್ನು ಮಗನೇ ಕಲಿಯಲಿ. ಕೇಬಲಿನೊಳಗೆ ಎಂಟು ಎಳೆ, ಎರಡೆರಡು ಹೊಸೆದುಕೊಂಡ ನಾಲ್ಕು ಜೋಡಿ. ಪ್ಲಗ್ಗಿನ ಕೊಕ್ಕೆ ಕೆಳಮುಖವಾಗಿ, ತೆರೆದ ಬಾಯಿ ತನ್ನ ಕಡೆಗೆ ಬರುವಂತೆ ಹಿಡಿದುಕೊಂಡು ಎಡದಿಂದ ಸಾಲಾಗಿ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ನೀಲಿಯ ಜೋಡಿ ಹಸಿರು ಜೋಡಿಯ ನಡುವೆ ಹೋಗಿ ಕೂರುವುದನ್ನು ಗಮನಿಸಬೇಕು, ಹೊಸಬರು ತಪ್ಪುವುದು ಅಲ್ಲೇ. ಎರಡೂ ತುದಿಯಲ್ಲಿ ಇದೇ ಕ್ರಮ. ಎಳೆಗಳ ತುದಿ ಒಂದೇ ಸಮ ಕತ್ತರಿಸಿ, ಪ್ಲಗ್ಗಿನ ಮೂತಿಯವರೆಗೆ ತಳ್ಳಿ, ಹೊರಗಿನ ಸಿಪ್ಪೆಯೂ ಸ್ವಲ್ಪ ಒಳಗೆ ಸೇರಿದ ಮೇಲೆ ಒತ್ತಬೇಕು. ಸಿಪ್ಪೆ ಹೊರಗೇ ಉಳಿದರೆ ಆರು ತಿಂಗಳಲ್ಲಿ ಎಳೆ ಸಡಿಲಾಗುತ್ತದೆ. ಜೋಡಿಸಿದ ಮೇಲೆ ಕಂಪ್ಯೂಟರಿನ ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿ ಲಿಂಕ್ ವೇಗ 1000 ಎಂದು ತೋರಿಸಬೇಕು. 100 ಎಂದು ತೋರಿಸಿದರೆ ಎಂಟರಲ್ಲಿ ಯಾವುದೋ ಒಂದು ಎಳೆ ಸರಿಯಾಗಿ ಕೂತಿಲ್ಲ, ಇಲ್ಲವೇ ಪೆಟ್ಟಿಗೆಯ ಆ ಕಿಂಡಿಯ ಶಕ್ತಿಯೇ ಅಷ್ಟು. ನೂರಕ್ಕೆ ನಾಲ್ಕೇ ಎಳೆ ಸಾಕಾಗುತ್ತವೆ, ಸಾವಿರಕ್ಕೆ ಎಂಟೂ ಬೇಕು. ಇದಾದ ಮೇಲೆ ಮತ್ತೆ ಅದೇ ಪಿಂಗ್ ಓಡಿಸಿದರೆ ಎಲ್ಲ ಸಾಲಿನಲ್ಲೂ ‘ಒಂದಕ್ಕಿಂತ ಕಡಿಮೆ’ ಎಂದೇ ಬರುತ್ತದೆ. ಅದನ್ನು ನೋಡಿದಾಗ ಹುಡುಗನ ಮುಖ ನೋಡಿ.

ಈಗ ಅವನು ಬೈಸಿಕೊಂಡ ಹಳೆಯ ರೌಟರಿನ ವಿಚಾರ. ಉಪಾಯ ಅವನದು ಸರಿಯಾಗಿಯೇ ಇತ್ತು, ಒಂದು ಗುಂಡಿ ಒತ್ತುವುದು ಬಿಟ್ಟುಹೋಗಿತ್ತು ಅಷ್ಟೇ. ಮನೆಯ ಪ್ರತಿ ಫೋನು, ಕಂಪ್ಯೂಟರಿಗೂ ಒಂದೊಂದು ವಿಳಾಸ ಹಂಚುವ ಕೆಲಸ ರೌಟರಿನದು. ಅದಕ್ಕೆ ಡಿಎಚ್‌ಸಿಪಿ ಎನ್ನುತ್ತಾರೆ. ಹಳೆಯದನ್ನು ಜೋಡಿಸಿದಾಗ ಮನೆಯಲ್ಲಿ ವಿಳಾಸ ಹಂಚುವವರು ಇಬ್ಬರಾದರು. ಯಾವ ಫೋನು ಕೇಳಿದರೂ ಯಾರು ಮೊದಲು ಉತ್ತರಿಸುತ್ತಾರೋ ಅವರ ಮಾತು ನಡೆಯಿತು. ಹಳೆಯದು ‘ಹೊರಗೆ ಹೋಗುವ ದಾರಿ ನನ್ನ ಮೂಲಕ’ ಎಂದು ಹೇಳಿಕೊಂಡಿತು, ಅದಕ್ಕೋ ಹೊರಗಿನ ದಾರಿಯೇ ಗೊತ್ತಿಲ್ಲ. ಹಾಗಾಗಿ ಒಂದೊಂದೇ ಯಂತ್ರ ಕುರುಡಾಗುತ್ತ ಬಂತು. ಸರಿಪಡಿಸುವುದು ಹೀಗೆ: ಹಳೆಯ ರೌಟರನ್ನು ಮೊದಲು ಒಂದು ಕಂಪ್ಯೂಟರಿಗೆ ಮಾತ್ರ ಜೋಡಿಸಿ, ಅದರ ಸೆಟ್ಟಿಂಗ್ ತೆರೆದು, ಆಕ್ಸೆಸ್ ಪಾಯಿಂಟ್ ಎಂಬ ಆಯ್ಕೆ ಇದ್ದರೆ ಅದನ್ನು ಆರಿಸುವುದು. ಇಲ್ಲದಿದ್ದರೆ ಡಿಎಚ್‌ಸಿಪಿಯನ್ನು ಆಫ್ ಮಾಡಿ, ಅದರ ಸ್ವಂತ ವಿಳಾಸವನ್ನು 192.168.1.2 ಎಂದೋ, ಪೆಟ್ಟಿಗೆಯ ಸಾಲಿಗೇ ಸೇರುವ, ಆದರೆ ಬೇರೆ ಯಾರಿಗೂ ಹೋಗದ ಇನ್ನೊಂದಕ್ಕೋ ಬದಲಿಸಿ, ಕೆಳಗಿನಿಂದ ಬಂದ ತಂತಿಯನ್ನು ಅದರ ಲ್ಯಾನ್ ಕಿಂಡಿಗೆ ಹಾಕುವುದು. ಬಣ್ಣ ಬೇರೆ ಇರುವ ವ್ಯಾನ್ ಕಿಂಡಿಗೆ ಹಾಕಬಾರದು. ಆಗ ಅದು ಮೆತ್ತಿನಲ್ಲಿ ತಂತಿ ಹಂಚುವ ಒಂದು ಸ್ವಿಚ್ಚೂ ಆಯಿತು, ವೈಫೈಯೂ ಆಯಿತು. ಮಗನ ಕಂಪ್ಯೂಟರಿಗೆ ಅದರಿಂದಲೇ ಒಂದು ತಂತಿ. ಮಗಳು ಮೀಟಿಂಗ್‌ಗೆ ಮೆತ್ತಿನಲ್ಲೇ ಎಲ್ಲೋ ಕೂರುವವಳಾದರೆ ಅವಳಿಗೂ ಒಂದು. ಹಳೆಯದು ತೀರ ಹಳೆಯದಾಗಿದ್ದರೆ ಅದರ ಕಿಂಡಿಗಳು ನೂರರ ವೇಗದವೇ ಇರುತ್ತವೆ. 50ರ ಇಂಟರ್ನೆಟ್ಟಿಗೆ ಅಷ್ಟು ಸಾಕು.

ಹೀಗೆ ಮಾಡಿದ ಮೇಲೂ ಕೆಲವು ಸಂಜೆ ಲ್ಯಾಗ್ ಬರಬಹುದು. ಆಗ ಕಾರಣ ಬೇರೆ. ಆಗುಂಬೆ ಘಾಟಿಯಲ್ಲಿ ಮುಂದೆ ಹತ್ತು ಲಾರಿ ಏರುತ್ತಿದ್ದರೆ ಹಿಂದಿನ ಬೈಕು ಎಷ್ಟೇ ಚುರುಕಾಗಿದ್ದರೂ ಲಾರಿಯ ವೇಗದಲ್ಲೇ ಏರಬೇಕಲ್ಲ, ಹಾಗೆ. ಆಟದ ಮಾಹಿತಿ ಬೈಕು. ಯಾವುದಾದರೂ ಯಂತ್ರ ದೊಡ್ಡ ಡೌನ್‌ಲೋಡೋ ಅಪ್‌ಲೋಡೋ ಶುರುಮಾಡಿ 50ನ್ನೂ ತುಂಬಿಸಿಬಿಟ್ಟರೆ ಪೆಟ್ಟಿಗೆಯೊಳಗೆ ಸಾಲು ಬೆಳೆಯುತ್ತದೆ, 35 ಇದ್ದ ಪಿಂಗ್ 400ಕ್ಕೆ ಹಾರುತ್ತದೆ. ಲಾರಿ ಹೊರಡಿಸುವವರು ಯಾರು? ಸಂಜೆ ಮನೆಗೆ ಬಂದು ವೈಫೈ ಹಿಡಿದ ಕೂಡಲೇ ಎಲ್ಲರ ಫೋನೂ ಅಂದಿನ ಫೋಟೊ, ವಿಡಿಯೊಗಳನ್ನು ಬ್ಯಾಕಪ್‌ಗೆ ಕಳಿಸತೊಡಗುತ್ತವೆ. ನಿಮ್ಮ ಶಾಲೆಯ ವಾರ್ಷಿಕೋತ್ಸವದ ವಿಡಿಯೊಗಳೂ ಇದರಲ್ಲಿ ಸೇರಿರಬಹುದು. ಎಷ್ಟೋ ಮನೆಗಳಲ್ಲಿ ದೊಡ್ಡ ಲಾರಿ ಗೇಮ್ ಆಡುವವನದೇ: ಒಂದು ಆಟ ಆಡುತ್ತ, ಹಿಂದೆ ಇನ್ನೊಂದು ಆಟದ ಅಪ್‌ಡೇಟ್ ಹಾಕಿಕೊಂಡಿರುತ್ತಾನೆ. ಈಗಿನ ದೊಡ್ಡ ಆಟವೊಂದು 100 ಜಿಬಿ ತೂಗುವುದು ಮಾಮೂಲು. 50 ಎಂಬಿಪಿಎಸ್‌ನಲ್ಲಿ ಅದು ಇಳಿಯಲು ನಾಲ್ಕೂವರೆ ಗಂಟೆ ಬೇಕು, ಅಷ್ಟು ಹೊತ್ತೂ ಮನೆಯ ಘಾಟಿ ಬಂದ್.

ಇದಕ್ಕೆ ದುಡ್ಡು ಬೇಡ. ಸ್ಟೀಮ್‌ನಂಥ ಆಟದಂಗಡಿಯ ತಂತ್ರಾಂಶದಲ್ಲಿ ಡೌನ್‌ಲೋಡ್‌ಗೆ ಮಿತಿ ಹಾಕುವ, ಅಪ್‌ಡೇಟ್‌ಗಳನ್ನು ರಾತ್ರಿ ಇಷ್ಟು ಗಂಟೆಯಿಂದ ಇಷ್ಟು ಗಂಟೆಗೆ ಎಂದು ಕಟ್ಟಿಹಾಕುವ ಸೌಲಭ್ಯ ಇದೆ. ರಾತ್ರಿ ಎರಡರಿಂದ ಆರು ಎಂದು ಕೊಡಲಿ. ಫೋಟೊ ಬ್ಯಾಕಪ್ಪನ್ನು ಸಂಜೆಯ ಹೊತ್ತು ಕೈಯಾರೆ ನಿಲ್ಲಿಸಿಕೊಳ್ಳಬಹುದು. ರೌಟರಿನಲ್ಲಿ ಕ್ಯೂಒಎಸ್ ಎಂಬ ಆಯ್ಕೆ ಇದ್ದರೆ ಒಟ್ಟು ವೇಗವನ್ನು 50ರ ಬದಲು 43, 45ಕ್ಕೆ ಮಿತಿಗೊಳಿಸಿ ನೋಡಬಹುದು. ಸ್ವಲ್ಪ ವೇಗ ಬಿಟ್ಟುಕೊಟ್ಟರೆ ಸಾಲು ಬೆಳೆಯುವುದೇ ನಿಲ್ಲುತ್ತದೆ. ಕಂಪನಿಯವರು ಕೊಡುವ ಪೆಟ್ಟಿಗೆಗಳಲ್ಲಿ ಹೆಚ್ಚಿನವಕ್ಕೆ ಇದು ಇರುವುದಿಲ್ಲ, ಇದ್ದರೂ ಹೆಸರಿಗೆ. ಅದೊಂದಕ್ಕಾಗಿ ಹೊಸ ರೌಟರ್ ಕೊಳ್ಳಿ ಎಂದು ನಾನು ಹೇಳುವುದಿಲ್ಲ.

ಸ್ಟ್ಯಾಟಿಕ್ ಐಪಿ, ಅಂದರೆ ಬದಲಾಗದ ಇಂಟರ್ನೆಟ್ ವಿಳಾಸ, ಬೇಡ. ವ್ಯಾಲೊರಂಟ್ ಆಡುವುದಕ್ಕೆ ಅದರ ಅಗತ್ಯವೇ ಇಲ್ಲ. ತನ್ನ ಕಂಪ್ಯೂಟರಿನಲ್ಲೇ ಮೈನ್‌ಕ್ರಾಫ್ಟ್‌ನಂಥ ಆಟದ ಸರ್ವರ್ ನಡೆಸಿ ಬೇರೆ ಊರಿನ ಸ್ನೇಹಿತರನ್ನು ಕರೆಯಬೇಕೆಂದಿದ್ದರೆ ಮಾತ್ರ ಅಡಚಣೆ. ಹಳೆಯ ಬಗೆಯ ಇಂಟರ್ನೆಟ್ ವಿಳಾಸಗಳು ಜಗತ್ತಿಗೆಲ್ಲ ಸೇರಿ ಸುಮಾರು 430 ಕೋಟಿ ಮಾತ್ರ. ಹಾಗಾಗಿ ಕಂಪನಿಗಳು ನೂರಾರು ಮನೆಗಳನ್ನು ಒಂದೇ ವಿಳಾಸದ ಹಿಂದೆ ಕೂರಿಸುತ್ತವೆ. ರೌಟರಿನ ವ್ಯಾನ್ ಪುಟದಲ್ಲಿರುವ ವಿಳಾಸ 100.64ರಿಂದ 100.127ರ ನಡುವಿನ ಸಂಖ್ಯೆಯಿಂದ ಶುರುವಾದರೆ ನಿಮ್ಮ ಮನೆಯೂ ಅಂಥ ಗುಂಪಿನಲ್ಲಿದೆ. ಹೊರಗಿನವರು ನೇರವಾಗಿ ಬಾಗಿಲು ತಟ್ಟಲಾರರು. ಟೇಲ್‌ಸ್ಕೇಲ್, ಝೀರೋಟಿಯರ್‌ನಂಥ ತಂತ್ರಾಂಶಗಳು ಸ್ನೇಹಿತರ ಸಣ್ಣ ಗುಂಪಿನ ಮಟ್ಟಿಗೆ ಪುಕ್ಕಟೆಯಾಗಿ ಇದಕ್ಕೆ ದಾರಿ ಮಾಡಿಕೊಡುತ್ತವೆ.

ಇನ್ನು ಹತ್ತು ಗಂಟೆಯ ಸ್ವಿಚ್. ಇದನ್ನು ಯಜಮಾನರಿಗೆ ಓದಿ ಹೇಳಿ, ಬೇಕಾದರೆ ನನ್ನ ಹೆಸರಿನಲ್ಲೇ. ಈ ಆಟದ ಒಂದು ಪಂದ್ಯ 35, 40 ನಿಮಿಷ ನಡೆಯುತ್ತದೆ. ಐದು ಜನರ ತಂಡ, ಉಳಿದ ನಾಲ್ವರು ಎಲ್ಲೆಲ್ಲಿಯವರೋ. ನಡುವೆ ಒಬ್ಬ ಮಾಯವಾದರೆ ತಂಡ ಸೋಲುತ್ತದೆ, ಮಾಯವಾದವನಿಗೆ ಆಟದವರು ದಂಡ ಹಾಕುತ್ತಾರೆ, ಮತ್ತೆ ಮತ್ತೆ ಆದರೆ ಕೆಲವು ದಿನ ಆಡಲೂ ಬಿಡುವುದಿಲ್ಲ. ಕಬಡ್ಡಿ ಪಂದ್ಯದ ನಡುವೆ ಅಂಕಣಕ್ಕೆ ಬಂದು ಮಗನನ್ನು ಎಳೆದುಕೊಂಡು ಹೋಗುವ ತಂದೆ ಅವರಲ್ಲ ಎಂದು ನನಗೆ ಗೊತ್ತು. ಪರದೆಯ ಮೇಲಿನ ಪಂದ್ಯ ಅವರಿಗೆ ಪಂದ್ಯವಾಗಿ ಕಾಣುತ್ತಿಲ್ಲ ಅಷ್ಟೇ. ಹತ್ತು ಗಂಟೆಯ ಗಡುವು ಇರಲಿ, ಅದರ ಅರ್ಥ ಬದಲಾಗಲಿ: ಒಂಬತ್ತೂಕಾಲರ ಮೇಲೆ ಹೊಸ ಪಂದ್ಯ ಶುರುವಿಲ್ಲ. ಶುರುವಾಗಿದ್ದು ಮುಗಿಯಲಿ. ಇದನ್ನು ಅವನೇ ಒಪ್ಪಿ ಹೇಳಿದ ಮೇಲೆ ತಪ್ಪಿದರೆ, ಆಗ ರೌಟರಿನ ಸೆಟ್ಟಿಂಗ್‌ನಲ್ಲಿ ಅವನ ಕಂಪ್ಯೂಟರಿಗೆ ಮಾತ್ರ ಹೊತ್ತು ಕಟ್ಟಬಹುದು. ಇಡೀ ಮನೆಯ ಪೆಟ್ಟಿಗೆ ಆರಿಸಿದರೆ ಶಿಕ್ಷೆ ಮಗಳಿಗೂ ಬೀಳುತ್ತದೆ, ಅವಳ ಮೀಟಿಂಗ್ ಹತ್ತರ ನಂತರವೂ ಇರಬಹುದು.

ಆಟವೇ ಒಂದು ಕಾಯಿಲೆಯಾಗಿದೆಯೇ ಎಂಬ ಅಳುಕು ನಿಮ್ಮ ಪತ್ರದ ಸಾಲುಗಳ ನಡುವೆ ನನಗೆ ಕಂಡಿತು. ವಿಶ್ವ ಆರೋಗ್ಯ ಸಂಸ್ಥೆ ಗೇಮಿಂಗ್ ವ್ಯಸನವನ್ನು ಕಾಯಿಲೆಗಳ ಪಟ್ಟಿಗೆ ಸೇರಿಸಿರುವುದು ನಿಜ, ಆದರೆ ಅದರ ಲಕ್ಷಣ ಬೇರೆ: ತನ್ನ ಮೇಲೆ ಹಿಡಿತ ತಪ್ಪುವುದು, ಓದು, ಊಟ, ನಿದ್ದೆ, ಸ್ನೇಹ ಎಲ್ಲಕ್ಕಿಂತ ಆಟವೇ ಮುಂದಾಗುವುದು, ಹಾನಿ ಕಣ್ಣಿಗೆ ಕಂಡರೂ ಬಿಡಲಾಗದಿರುವುದು, ಅದೂ ವರ್ಷದಷ್ಟು ದೀರ್ಘವಾಗಿ. ಕಾಲೇಜಿಗೆ ಹೋಗಿಬರುವ, ಊಟಕ್ಕೆ ಕೆಳಗಿಳಿದು ಬರುವ, ಅಕ್ಕನ ಜೊತೆ ಜಗಳವಾಡಲು ಆಸಕ್ತಿ ಉಳಿದಿರುವ ಹುಡುಗ ಆ ಸಾಲಿಗೆ ಸೇರುವಂತೆ ಕಾಣುವುದಿಲ್ಲ. ಒಂದು ಪ್ರಶ್ನೆ ಮಾತ್ರ ಕೇಳಿ: ದುಡ್ಡು ಹೂಡಿ ದುಡ್ಡು ಗೆಲ್ಲುವ ಆಟ ಏನಾದರೂ ಆಡುತ್ತಿದ್ದಾನೆಯೇ? ಅಂಥವನ್ನು ನಿಷೇಧಿಸುವ ಕಾಯ್ದೆಗೆ ಸಂಸತ್ತು 2025ರ ಆಗಸ್ಟಿನಲ್ಲಿ ಒಪ್ಪಿಗೆ ಕೊಟ್ಟಿದೆ. ಉತ್ತರ ಹೌದು ಎಂದಾದರೆ, ಅಥವಾ ಮೇಲೆ ಹೇಳಿದ ಲಕ್ಷಣ ಕಂಡರೆ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದಲೂ ಇದಕ್ಕೆಂದೇ ‘ಶಟ್’ ಎಂಬ ಕ್ಲಿನಿಕ್ ಇದೆ. ಅಷ್ಟು ದೂರ ಹೋಗುವ ಮುನ್ನ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಭಾವನವರ ಮಾತಿಗೆ ಬರುತ್ತೇನೆ. ಇಲ್ಲಿ ನನ್ನ ಸಲಹೆ ಸ್ವಲ್ಪ ಗಟ್ಟಿ: ಬೇಡ. ಹೆಚ್ಚಿನ ಕಂಪನಿಗಳ ಕರಾರಿನಲ್ಲಿ ಕನೆಕ್ಷನ್ ಒಂದು ಮನೆಗೆ ಎಂದೇ ಇರುತ್ತದೆ. ಆ ಲೈನಿನಲ್ಲಿ ಯಾರು ಏನು ಮಾಡಿದರೂ ವಿಚಾರಣೆ ಬರುವುದು ಬಿಲ್ ಯಾರ ಹೆಸರಿನಲ್ಲಿದೆಯೋ ಅವರ ಬಾಗಿಲಿಗೆ. ಅದೆಲ್ಲ ಹಾಗಿರಲಿ ಎಂದರೂ, ಅರ್ಧರ್ಧ ಬಿಲ್ಲಿನ ಲೆಕ್ಕ ದಾಯಾದಿಗಳ ನಡುವೆ ಎಷ್ಟು ತಿಂಗಳು ನೆಟ್ಟಗೆ ನಡೆದೀತು? ಈಗ ಜಗಳ ಮೆತ್ತಿಗೂ ಜಗಲಿಗೂ ನಡುವೆ ಇದೆ, ಆಗ ಅಂಗಳ ದಾಟುತ್ತದೆ. ಸಣ್ಣ ಪ್ಲಾನುಗಳು ತಿಂಗಳಿಗೆ ನಾಲ್ಕೈದು ನೂರಕ್ಕೆ ಸಿಗುತ್ತವೆ, ಅವರ ಮನೆಗೆ ಅವರೇ ಹಾಕಿಸಿಕೊಳ್ಳಲಿ. ನಂಟರು ಬಂದಾಗ ವೈಫೈ ಕೇಳಿದರೆ ಕೊಡಬೇಡಿ ಎಂದು ಹೇಳುತ್ತಿಲ್ಲ. ರೌಟರಿನಲ್ಲಿ ಗೆಸ್ಟ್ ನೆಟ್‌ವರ್ಕ್ ಎಂಬುದಿದೆ, ಅದರ ಪಾಸ್‌ವರ್ಡ್ ಕೊಡಿ. ಮನೆಯ ಕಂಪ್ಯೂಟರುಗಳು ಅವರಿಗೆ ಕಾಣುವುದಿಲ್ಲ, ಮಗಳ ಕಂಪನಿಯ ಲ್ಯಾಪ್‌ಟಾಪ್ ಇರುವ ಮನೆಯಲ್ಲಿ ಇದು ಮುಖ್ಯ. ಪೆಟ್ಟಿಗೆಯ ಜೊತೆ ಬಂದ ಅಡ್ಮಿನ್ ಪಾಸ್‌ವರ್ಡ್ ಇನ್ನೂ ಹಾಗೇ ಇದ್ದರೆ ಅದನ್ನೂ ಇವತ್ತೇ ಬದಲಿಸಿ.

ಕೇಬಲ್ ಎಳೆಯುವುದಂತೂ ಬೇಡವೇ ಬೇಡ. ಅಂಗಳದ ಮೇಲೆ ಎರಡು ಮನೆಗಳ ನಡುವೆ ಎಳೆದ ತಾಮ್ರದ ಲ್ಯಾನ್ ಕೇಬಲ್ ಮಲೆನಾಡಿನ ಗುಡುಗು ಸಿಡಿಲಿಗೆ ಆಹ್ವಾನಪತ್ರ. ತಂತಿಯ ಮೇಲೇ ಬೀಳಬೇಕೆಂದೂ ಇಲ್ಲ, ತೋಟದಾಚೆ ಎಲ್ಲೋ ಬಿದ್ದ ಸಿಡಿಲು ಸಾಕು. ತಂತಿಯಲ್ಲಿ ಎದ್ದ ಒಂದು ಕ್ಷಣದ ವೋಲ್ಟೇಜಿಗೆ ಎರಡೂ ಮನೆಯ ರೌಟರ್, ಕಂಪ್ಯೂಟರಿನ ಲ್ಯಾನ್ ಕಿಂಡಿ, ಕೆಲವೊಮ್ಮೆ ಮದರ್‌ಬೋರ್ಡೇ ಹೋಗುತ್ತದೆ. ಮನೆಗಳನ್ನು ಸೇರಿಸಲೇಬೇಕೆಂದರೆ ನಡುವೆ ಫೈಬರ್ ಹಾಕಿ ಎರಡು ತುದಿಗೂ ಮೀಡಿಯಾ ಕನ್ವರ್ಟರ್ ಎಂಬ ಪುಟ್ಟ ಪೆಟ್ಟಿಗೆ ಇಡಬೇಕು. ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯದು.

ಹುಡುಗರು ಒಟ್ಟಿಗೆ ಆಡುವುದಕ್ಕೆ ಇದ್ಯಾವುದೂ ಬೇಡ. ದೊಡ್ಡಪ್ಪನ ಮಗ ತನ್ನ ಕಂಪ್ಯೂಟರನ್ನು ಶನಿವಾರ ಸಂಜೆ ಕಂಕುಳಲ್ಲಿ ಇಟ್ಟುಕೊಂಡು ನಿಮ್ಮ ಮೆತ್ತಿಗೆ ಬರಲಿ. ಕಾಲೇಜು ಹಾಸ್ಟೆಲ್‌ಗಳಲ್ಲಿ ಒಂದು ತಲೆಮಾರು ಕೌಂಟರ್ ಸ್ಟ್ರೈಕ್, ಏಜ್ ಆಫ್ ಎಂಪೈರ್ಸ್ ಆಡಿದ್ದು ಹೀಗೆಯೇ. ಹಳೆಯ ರೌಟರಿನ ಇನ್ನೊಂದು ಕಿಂಡಿಗೆ ತಂತಿ ಹಾಕಿದರೆ ಮುಗಿಯಿತು. ಸಾವಿರ ಚಿಲ್ಲರೆ ರೂಪಾಯಿಗೆ ಐದು ಕಿಂಡಿಯ ಗಿಗಾಬಿಟ್ ಸ್ವಿಚ್ ಸಿಗುತ್ತದೆ. ಅದಿದ್ದರೆ, ಒಬ್ಬನ ಹತ್ತಿರ ಇಳಿಸಿಟ್ಟ ಆಟವನ್ನು ಇನ್ನೊಬ್ಬನ ಸ್ಟೀಮ್ ಇಂಟರ್ನೆಟ್ಟಿನಿಂದ ಮತ್ತೆ ತರಿಸದೆ ಪಕ್ಕದ ಕಂಪ್ಯೂಟರಿನಿಂದಲೇ ನಕಲಿಸಿಕೊಳ್ಳುತ್ತದೆ. ನಾಲ್ಕೂವರೆ ಗಂಟೆಯ ಕೆಲಸ, ಡಿಸ್ಕ್ ಚುರುಕಾಗಿದ್ದರೆ ಇಪ್ಪತ್ತು ನಿಮಿಷಕ್ಕೆ ಇಳಿಯುತ್ತದೆ. ಒಬ್ಬರ ಕಂಪ್ಯೂಟರ್ ಇನ್ನೊಬ್ಬರಿಗೆ ಕಾಣದಿದ್ದರೆ ವಿಂಡೋಸ್‌ನಲ್ಲಿ ಆ ನೆಟ್‌ವರ್ಕ್ ‘ಪಬ್ಲಿಕ್’ ಎಂದಿರುತ್ತದೆ, ‘ಪ್ರೈವೇಟ್’ ಮಾಡಬೇಕು. ವ್ಯಾಲೊರಂಟ್, ಬಿಜಿಎಂಐಗಳಿಗೆ ಕಂಪನಿಯ ಸರ್ವರ್ ಬೇಕೇ ಬೇಕು. ಮೈನ್‌ಕ್ರಾಫ್ಟ್‌ನಂಥವು ಮನೆಯ ತಂತಿಯ ಮೇಲೇ ನಡೆಯುತ್ತವೆ, ಮಳೆಗೆ ಕಂಬದ ಲೈನು ಹೋದ ದಿನವೂ.

ಗುಡುಗು ಶುರುವಾದರೆ ಪೆಟ್ಟಿಗೆಯ ಅಡಾಪ್ಟರನ್ನು ಸಾಕೆಟ್ಟಿನಿಂದಲೇ ಕೀಳಿ, ಸ್ವಿಚ್ ಆರಿಸಿದರೆ ಸಾಲದು. ಜೊತೆಗೆ ಮೆತ್ತಿಗೆ ಹೋಗುವ ಲ್ಯಾನ್ ತಂತಿಯನ್ನೂ. ಏಪ್ರಿಲ್, ಮೇ ತಿಂಗಳ ಸಂಜೆಗಳಲ್ಲಿ, ಮತ್ತೆ ಅಕ್ಟೋಬರಿನಲ್ಲಿ ಈ ಕೆಲಸ ಯಾರದೆಂದು ಮೊದಲೇ ಗೊತ್ತುಮಾಡಿಕೊಳ್ಳಿ. ಯಜಮಾನರಿಗೆ ವಹಿಸಬಹುದು, ಪೆಟ್ಟಿಗೆ ಆರಿಸುವ ಅಭ್ಯಾಸ ಅವರಿಗೆ ಹೇಗೂ ಇದೆ. ಕಂಬದಿಂದ ಬರುವ ಕಪ್ಪು ಕೇಬಲಿನ ಪಕ್ಕದಲ್ಲಿ ಆಧಾರಕ್ಕೆಂದು ಒಂದು ಉಕ್ಕಿನ ತಂತಿ ಇರುತ್ತದೆ. ಅದನ್ನು ಹೊರಗಿನ ಕೊಕ್ಕೆಗೆ ಕಟ್ಟಿ ಅಲ್ಲೇ ಕತ್ತರಿಸಿದ್ದಾರೋ, ಜಗಲಿಯ ಪೆಟ್ಟಿಗೆಯವರೆಗೂ ತಂದಿದ್ದಾರೋ ಒಮ್ಮೆ ಸೂರಿನ ಕೆಳಗೆ ನಿಂತು ನೋಡಿ. ಒಳಗೆ ತಂದಿದ್ದರೆ ಸಿಡಿಲಿಗೆ ಅದೇ ದಾರಿಯಾಗುತ್ತದೆ, ಲೈನ್‌ಮನ್‌ಗೆ ಫೋನ್ ಮಾಡಿ ಮಳೆಗೆ ಮುಂಚೆ ಸರಿಮಾಡಿಸಿಕೊಳ್ಳಿ.